ಕುರ್ಚಿ ಹಿಡಿಸದ ಬಾಗಿಲು

ಸ್ಕೂಟರ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಮೇಲೆ ಬಹಳ ಕಾಲ ನಾನು ಕುಮಟೆಯ ಮನೆ ಬಿಟ್ಟು ಹೊರಬಿದ್ದಿರಲಿಲ್ಲ. ಈಗ ನನ್ನಂಥವರ ಮನೆಗೆ ಹೋಗಿ ಮಾತಾಡಿಸಿ ಬರುವುದೇ ನನ್ನ ಕೆಲಸ. ಹಾಗೆ ಹೊನ್ನಾವರದ ಹತ್ತಿರ ಒಂದು ಮೀನುಗಾರರ ಕೇರಿಗೆ ಹೋಗಿದ್ದೆ. ಅಲ್ಲೊಬ್ಬ ಹೆಂಗಸು ಪೇಟೆಗೆ ಮೀನು ಮಾರಲು ಹೋಗುವಾಗ ಮೀನಿನ ಟೆಂಪೊದಿಂದ ಬಿದ್ದು, ನನ್ನ ಹಾಗೆಯೇ ನಡಿಗೆ ಕಳೆದುಕೊಂಡಿದ್ದಳು. ಆಸ್ಪತ್ರೆಯಿಂದ ಬಂದವಳು ಕೋಣೆಯಿಂದ ಈಚೆಗೆ ಬಂದಿರಲಿಲ್ಲ.

ಅವಳ ಗಂಡ ನನ್ನ ಗಾಲಿಕುರ್ಚಿಯನ್ನು ಮರಳಿನಲ್ಲಿ ಹಿಂದುಹಿಂದಾಗಿ ಎಳೆದು ಜಗಲಿಗೆ ಹತ್ತಿಸಿದ. ಬಾಗಿಲು ಕಿರಿದು. ಕುರ್ಚಿ ಚೌಕಟ್ಟಿಗೆ ಸಿಕ್ಕಿಕೊಂಡು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ.

"ಎತ್ಕಂಡು ಹೋಗ್ತೆ," ಎಂದ.

ಪರಿಚಯವಿಲ್ಲದವರು ನನ್ನನ್ನು ಎತ್ತುವುದು ನನಗಾಗದು. ಹೇಗೋ ಕುರ್ಚಿ ಬಿಡಿಸಿಕೊಂಡು, ಜಗಲಿಯಲ್ಲೇ ಅವಳ ಕೋಣೆಯ ಕಿಟಕಿಯ ಬಳಿ ಕುಳಿತೆ. ಕಿಟಕಿ ಮುಚ್ಚಿತ್ತು. ಹೊರಗಿಂದಲೇ ನಾಲ್ಕು ಧೈರ್ಯದ ಮಾತು ಹೇಳಿದೆ.

"ಹೊರಗೆ ಕೂತ್ಕಂಡು ಧೈರ್ಯ ಹೇಳುದು ಸುಲಭ ಅಕ್ಕಾ," ಒಳಗಿಂದ ಅವಳ ದನಿ.

"ಒಳಗೆ ಬರುವಾ ಅಂದ್ರೆ ನನ್ನ ಗಾಲಿಕುರ್ಚಿ ಬಾಗಿಲಲ್ಲಿ ಹಿಡಿಸುದಿಲ್ಲ ತಂಗಿ."

"ನಿಮ್ಗೂ ಕುರ್ಚಿಯಾ?"

ಕಿಟಕಿ ಸ್ವಲ್ಪ ತೆರೆಯಿತು. ಅವಳು ಮೊದಲು ನೋಡಿದ್ದು ನನ್ನ ಕಾಲುಗಳನ್ನು. ಗಂಡನನ್ನು ಚಾ ಮಾಡಲು ಕಳಿಸಿ, ಮೆಲ್ಲಗೆ ಕೇಳಿದಳು: "ಮೂತ್ರ ಬಂದದ್ದು ನಿಮ್ಗೆ ಗೊತ್ತಾಗ್ತದ್ಯಾ?"

"ಇಲ್ಲ."

ಅವಳು ಅತ್ತುಬಿಟ್ಟಳು. ಹಾಸಿಗೆ ಒದ್ದೆಯಾದೀತೆಂಬ ಹೆದರಿಕೆಗೆ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಅತ್ತೆ ಹಾಸಿಗೆಬಟ್ಟೆ ಒಗೆಯುವ ಸದ್ದು ಕೇಳಿದರೆ ಸತ್ತುಹೋಗಬೇಕೆನಿಸುತ್ತಿತ್ತಂತೆ. ಮೂತ್ರ ತೆಗೆಯಲು ನಾನು ಹೊತ್ತುಹೊತ್ತಿಗೆ ನಳಿಕೆ ಹಾಕಿಕೊಳ್ಳುವ ಬಗೆ ಹೇಳಿದೆ. ಮದುವೆಮನೆಯಲ್ಲಿ ನನ್ನ ಸೀರೆ ಒದ್ದೆಯಾಗಿ, ಎಲ್ಲರೂ ಹೋಗುವ ತನಕ ಅಲ್ಲೇ ಕುಳಿತಿದ್ದನ್ನೂ ಹೇಳಿದೆ.

"ಆಮೇಲೆ ಎಂತ ಮಾಡಿದ್ರಿ?"

"ಮನೆಗೆ ಹೋಗಿ ಸೀರೆ ತೊಳೆದೆ. ಮತ್ತೊಂದು ಮದುವೆಗೆ ಹೋದೆ."

ಅವಳು ಮೂಗು ಒರೆಸಿಕೊಂಡು ಸಣ್ಣಗೆ ನಕ್ಕಳು.

ಆಮೇಲೆ ನಾನು ಹೇಳಿ ಕಳಿಸಿದ ನರ್ಸ್ ಒಬ್ಬರು ಬಂದು ನಳಿಕೆ ಹಾಕಿಕೊಳ್ಳುವುದನ್ನು ಅವಳಿಗೆ ಕಲಿಸಿದರು. ಗಾಲಿಕುರ್ಚಿಯೂ ಬಂತು. ಮಳೆಗಾಲ ಮುಗಿದ ಮೇಲೆ ಗಂಡ ಬಡಗಿಯನ್ನು ಕರೆಸಿ ಚೌಕಟ್ಟು ಕೀಳಿಸಿ ಬಾಗಿಲು ಅಗಲ ಮಾಡಿಸಿದ. ಅವಳು ಮೊದಲ ಸಲ ಜಗಲಿಗೆ ಬಂದ ದಿನ ನಾನೂ ಅಲ್ಲಿದ್ದೆ. ಜಗಲಿಯಂಚಿನವರೆಗೆ ಕುರ್ಚಿ ಉರುಳಿಸಿಕೊಂಡು ಬಂದು ಕೆಳಗೆ ನೋಡಿದಳು. ಅಲ್ಲಿಂದ ರಸ್ತೆಯವರೆಗೂ ಬರೀ ಮರಳು.

"ಇಷ್ಟೇಯಾ ಅಕ್ಕಾ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಈಗ ಇಷ್ಟೇ," ಎಂದೆ.

ಕೇರಿಯ ಹೆಂಗಸರು ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೊರಟಿದ್ದರು. ಅವರು ತಿರುವು ದಾಟುವ ತನಕ ಇಬ್ಬರೂ ನೋಡುತ್ತ ಕುಳಿತೆವು.