ಬೋರಲು ಬೀಳುವ ವಿದ್ಯೆ

ಕಳೆದ ಭಾನುವಾರ ಬೆಳಿಗ್ಗೆ ಪಣಕಹಳ್ಳಿಯ ಭಾಗ್ಯ ತನ್ನ ತಾತ ಸಿದ್ದಪ್ಪನವರ ಕೈಯಲ್ಲಿ ಏಳು ಸಲ ಬಿದ್ದಳು. ಏಳು ಸಲವೂ ಬೋರಲಾಗಿಯೇ ಬಿದ್ದಳು. ಜೋಳ ಒಣಗಿಸುವ ಕಣದಲ್ಲಿ ಹಳೆಯ ಹಾಸಿಗೆಗಳ ಮೇಲೆ ಟಾರ್ಪಾಲು ಬಿಗಿದು ಮಾಡಿದ ಮ್ಯಾಟಿನ ಮೇಲೆ ಕುಸ್ತಿಯ ಅಭ್ಯಾಸ ನಡೆದಿತ್ತು. ತಾಳಮಲೆ ಬೆಟ್ಟದ ಕಡೆಯಿಂದ ಬಂದ ಮಂಜು ಇಬ್ಬರನ್ನೂ ಆಗಾಗ ಮರೆಮಾಡುತ್ತಿತ್ತು. ಪತ್ರಿಕೆಗೆ ಆಟದ ವರದಿ ಬರೆಯುತ್ತಲೇ ಮುದುಕನಾದ ನನಗೆ ಮಂಜಿನೊಳಗೂ ಎಣಿಸುವ ಚಾಳಿ.

ಬೋರಲು ಬಿದ್ದರೆ ತಪ್ಪೇನು ಎಂದು ನೀವು ಕೇಳಬಹುದು. ಗರಡಿಯ ಮಣ್ಣಿನಲ್ಲಿ ತಪ್ಪೇನಿಲ್ಲ. ಅಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮಾತ್ರ ಸೋಲು. ಸಿದ್ದಪ್ಪನವರು ಹರೆಯದಲ್ಲಿ ಮಣ್ಣನ್ನು ಅಪ್ಪಿ ಮಲಗಿಯೇ ಎಷ್ಟೋ ಪೈಲ್ವಾನರನ್ನು ದಣಿಸಿದ್ದರಂತೆ. ಆ ವಿದ್ಯೆಯನ್ನೇ ಮೊಮ್ಮಗಳಿಗೂ ಕೊಟ್ಟರು. ಆದರೆ ಮ್ಯಾಟಿನ ಫ್ರೀಸ್ಟೈಲ್ ಕುಸ್ತಿಯಲ್ಲಿ ಬೋರಲು ಮಲಗಿದವರ ಸೊಂಟವನ್ನು ಎದುರಾಳಿ ತಬ್ಬಿ, ಚಾಪೆ ಸುತ್ತುವಂತೆ ಉರುಳಿಸಿಬಿಡುತ್ತಾರೆ. ಒಂದೊಂದು ಉರುಳಿಗೂ ಎರಡಂಕ. ಹೋದ ವರ್ಷ ಈರೋಡಿನ ಆಯ್ಕೆಯಲ್ಲಿ ಭಾಗ್ಯ ಸೋತದ್ದು ಹೀಗೆಯೇ. ಬುಧವಾರ ಮತ್ತೆ ಆಯ್ಕೆಯಿತ್ತು. ಗೆದ್ದರೆ ತಮಿಳುನಾಡು ರಾಜ್ಯ ತಂಡ. ಸೋತರೆ, ವಯಸ್ಸು ಮೀರುವುದರಿಂದ ಆ ವಿಭಾಗದಲ್ಲಿ ಇನ್ನೊಂದು ಅವಕಾಶವಿಲ್ಲ.

"ಬೀಳ್ತಿದ್ದಂಗೆ ಮೈ ತಾನೇ ಮಲಿಕತದೆ ತಾತ. ನೀನೇ ಕಲ್ಸಿದ್ದಲ್ವಾ?" ಎಂದಳು ಭಾಗ್ಯ.

"ಕಲ್ಸಿದ್ದ ನಾನೇ ಮರೆಸ್ತೀನಿ ಕಣವ್ವ. ಮೊಣಕೈ ಒಟ್ಟೆಗೆ ಒತ್ಕೊ, ಮಂಡಿ ಊರು, ಎದ್ ಬುಡು!"

ಸಂಜೆ ಮೂವರೂ ಮೊಬೈಲಿನಲ್ಲಿ ದೊಡ್ಡ ಪಂದ್ಯಗಳನ್ನು ನಿಧಾನಗತಿಯಲ್ಲಿ ನೋಡುತ್ತಿದ್ದೆವು. ಆ ಗತಿಯಲ್ಲಿ ಕುಸ್ತಿ ಕನಸಿನಂತೆ ಕಾಣುತ್ತದೆ: ಕಾಲಿನ ಕಡೆಗೆ ಒಂದು ಕೈ ತೇಲಿ ಬರುತ್ತದೆ, ಕಾಲುಗಳು ಹಿಂದಕ್ಕೆ ಜಾರುತ್ತವೆ, ಸೊಂಟ ಮೋಡದಂತೆ ಎದುರಾಳಿಯ ಬೆನ್ನ ಮೇಲೆ ಇಳಿಯುತ್ತದೆ. ನೋಡುತ್ತಾ ನೋಡುತ್ತಾ ನನ್ನ ಮೈಯೂ ಹಗುರಾದಂತೆನಿಸಿ ಥಟ್ಟನೆ ಎದ್ದೆ. ಮರುಕ್ಷಣ ಸೊಂಟ ಹಿಡಿದುಕೊಂಡು ಕೂತೆ.

"ಏನ್ ಸಾ, ನೀವೂ ಪಟ್ಟು ಆಕ್ತೀರಾ?" ಎಂದು ಭಾಗ್ಯ ನಕ್ಕಳು.

ಬುಧವಾರದ ಕೊನೆಯ ಪಂದ್ಯದಲ್ಲಿ ಅವಳು ಮೂರಂಕ ಮುಂದಿದ್ದಳು. ಹನ್ನೆರಡು ಸೆಕೆಂಡು ಉಳಿದಿದ್ದಾಗ ಎದುರಾಳಿ ಕಾಲಿಗೆ ನುಗ್ಗಿ ಕೆಡವಿ ಎರಡಂಕ ಪಡೆದಳು. ಭಾಗ್ಯ ಬೋರಲಾಗಿದ್ದಳು, ಒಂದು ಉರುಳು ಉರುಳಿಸಿದರೆ ಮುಗಿಯಿತು. ಆಗ ನನ್ನ ಪಕ್ಕದಲ್ಲಿ ಸಿದ್ದಪ್ಪನವರು ಕೂಗಿದರು: "ಮಲಿಕೊ ಕಣವ್ವಾ, ಮಲಿಕೊ!" ಕೂಗಿದವರೇ ಬಾಯಿಗೆ ಟವೆಲ್ ಒತ್ತಿಕೊಂಡರು. ಐವತ್ತು ವರ್ಷದ ಮಣ್ಣು ಅವರ ಬಾಯಿಂದ ಮಾತಾಡಿತ್ತು.

ಸಭಾಂಗಣದ ಗದ್ದಲ ನನ್ನ ಕಿವಿಯಿಂದ ಎಲ್ಲೋ ದೂರ ಸರಿಯಿತು. ಭಾಗ್ಯಳ ಸೊಂಟದ ಸುತ್ತ ಎದುರಾಳಿಯ ಎರಡು ಕೈಗಳು ಕೂಡಿಕೊಳ್ಳುತ್ತಿದ್ದವು. ಅವಳ ಮೊಣಕೈ ಹೊಟ್ಟೆಗೆ ಒತ್ತಿಕೊಂಡಿತು. ಒಂದು ಮಂಡಿ ಮೇಲೆದ್ದಿತು, ಆಮೇಲೆ ಇನ್ನೊಂದು. ತಾತನ ಮಾತು ಮೀರಿ ಅವಳು ಎದ್ದು ನಿಂತಾಗ ಗಂಟೆ ಹೊಡೆಯಿತು.

"ಕೂಗಿದ್ದು ಕೇಳುಸ್ತಾ?" ಎಂದು ಬಸ್ಸಿನಲ್ಲಿ ಸಿದ್ದಪ್ಪನವರು ಮೆಲ್ಲಗೆ ಕೇಳಿದರು.

"ಕೇಳುಸ್ತು. ಅದ್ಕೇ ಎದ್ದೆ."

ತಂಡದ ಪಟ್ಟಿಯಲ್ಲಿ ಅವಳ ಹೆಸರಿದೆ. ಈ ಬೆಳಿಗ್ಗೆ ಕಣದಲ್ಲಿ ಸಿದ್ದಪ್ಪನವರು ಬೋರಲು ಮಲಗಿ, ಮೊಮ್ಮಗಳಿಂದ ಸೊಂಟ ಹಿಡಿಸಿಕೊಂಡು, ಏಳುವುದನ್ನು ಕಲಿಯುತ್ತಿದ್ದಾರೆ. ಸದ್ಯಕ್ಕೆ ಮಂಡಿಯವರೆಗೆ ಬಂದಿದ್ದಾರೆ.