ಕುರಿ ತೋರಿಸಿದ ಜಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಇಂಡಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಸೈಟು ಕೊಂಡು ನೋಡು ಎಂಬ ಮಾತನ್ನೂ ಸೇರಿಸಬೇಕಿತ್ತು. ಬೇಸಿಗೆಯ ಮಧ್ಯಾಹ್ನ ಅಂಥ ಸೈಟಿನ ಮುಂದೆ ನಿಂತರೆ ಸೂರ್ಯನಿಗೆ ನಮ್ಮ ಮೇಲೇ ಹಳೆಯ ದ್ವೇಷವೇನೋ ಅನ್ನಿಸುತ್ತದೆ. ಮನೆಗಳಿಗೆ ನಕ್ಷೆ ಹಾಕುವುದು ನನ್ನ ಕಸುಬು. ಅಂಥ ಜಾಗ ತಂದವರಿಗೆಲ್ಲ ನನ್ನದು ಒಂದೇ ಮಾತು: ಮುಂದೆ ಅಂಗಡಿ ಬೇಯಲಿ, ಹಿಂದೆ ಮನೆ ತಂಪಾಗಿರಲಿ. ಇಂದ್ರಾಬಾಯಿಗೂ ಅದನ್ನೇ ಹೇಳಿದೆ.

ಇಂದ್ರಾಬಾಯಿ ಲಿಂಬೆ ಉಪ್ಪಿನಕಾಯಿ ಮಾಡಿ ಮಾರುತ್ತಾರೆ. ನಾನು ಅವರಿಗೆ ಕಾಕು ಅನ್ನುತ್ತೇನೆ, ಅವರ ಗಂಡ ಸೋಮನಿಂಗನಿಗೆ ಕಾಕಾ. ಅಗರಖೇಡದ ಸೋಮನಿಂಗಕಾಕಾ ಬದುಕೆಲ್ಲ ಕುರಿಗಳ ಹಿಂದೆ ನಡೆದವರು. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಅವರು ಹಟ್ಟಿ ಹಾಕದ ಸೀಮೆಯಿಲ್ಲ. ಒಂದು ಮಳೆಗಾಲ ಹಳ್ಳದ ದಂಡೆಯಿಂದ ಜಾರಿಬಿದ್ದರು, ಸೊಂಟ ಹೋಯಿತು. ಕುರಿಗಳು ಅವರ ತಮ್ಮ ಮಾಳಿಂಗರಾಯನ ಕೈಗೆ ಹೋದವು. ಗಂಡ ಹೆಂಡತಿ ಇಂಡಿಗೆ ಬಂದು, ಕೊಂಡ ಸೈಟಿನಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಉಪ್ಪಿನಕಾಯಿ ವ್ಯಾಪಾರಕ್ಕೆ ಇಳಿದರು. ಬಯಲಿನ ಆ ಮನುಷ್ಯ ತಗಡಿನ ಕೆಳಗೆ ಹೊರಸಿನ ಮೇಲೆ ಮಲಗಿ ಬೇಯುತ್ತಿದ್ದರು.

ಹಾಗಾಗಿ ಅವರ ಹೊರಸಿಗೆಂದು ನಕ್ಷೆಯಲ್ಲಿ ಹಿಂಬದಿಗೆ ಒಂದು ಕೋಣೆ ಹಾಕಿದೆ. ದಪ್ಪ ಗೋಡೆ, ನೆಲಕ್ಕೆ ಶಹಾಬಾದ ಫರಸಿ ಕಲ್ಲು, ಬಿಸಿಗಾಳಿ ಮೇಲೆದ್ದು ಹೋಗಲು ಛಾವಣಿಯಲ್ಲಿ ಬೆಳಕಿಂಡಿ. ಕರೆಂಟು ಹೋದರೂ ಚಿಂತೆಯಿಲ್ಲದ ಕೋಣೆ. ನಕ್ಷೆ ನೋಡಿ ಕಾಕಾ ತಲೆಯಾಡಿಸಿದರು.

"ಅಗದಿ ಬರೋಬ್ಬರಿ ಆತು ತಂಗಿ. ಮುಂದಿನ ಜಾಗಾ ಎಲ್ಲಾ ಅಂಗಡಿಗೆ ಬಿಡು. ದುಡಿಯಾಕಿ ಆಕಿ. ನಂದೇನೈತಿ, ಹಿಂದ ಒಂದ ಮೂಲಿ ಸಾಕು."

ನನ್ನನ್ನು ಕಳಿಸಲು ರಸ್ತೆಯವರೆಗೆ ಬಂದ ಕಾಕು ಸೆರಗು ಹಿಂಡುತ್ತಾ ನಿಂತರು.

"ಖೋಲಿ ಚಲೋ ಐತಿ ಅಕ್ಕಾರ. ಆದ್ರ ಅದರಾಗ ಅವ್ರು ದಿನಾ ಗ್ವಾಡಿ ನೋಡ್ಕೋತ ಮಲಗತಾರ. ತಂಪಿನಾಗ ಇಟ್ಟ ಕೊಂದಂಗ ಆಗತೈತಿ. ಮುಂದ ಇದ್ರ ಹೋಗೂ ಬರೂ ಮಂದಿ ಮಾತಾಡಸ್ತಾರ, ಜೀವಕ್ಕ ಹುರುಪ ಇರತೈತಿ."

"ಹಂಗಂತ ಅವ್ರಿಗೆ ಹೇಳ್ರಿ ಕಾಕು."

"ಹೇಳೀನ್ರಿ. ಅಂಗಡಿ ಜಾಗಾ ನಾ ತಿನ್ನಾಂಗಿಲ್ಲ, ಮೊದಲ ನಿನಗ ಭಾರ ಆಗೀನಿ ಅಂತಾರ. ನಾ ಹೇಳಿದ್ರ ಕೇಳಾಂಗಿಲ್ರಿ. ಕುರಿ ಹೇಳಿದ್ರ ಕೇಳತಾರ."

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಹೊಸ ಸೀಮೆಗೆ ಹೋದಾಗ ಮಧ್ಯಾಹ್ನದ ಹೊತ್ತು ಕುರಿಗಳನ್ನು ಬಿಟ್ಟು, ಅವು ತಾವಾಗಿಯೇ ಎಲ್ಲಿ ಮಲಗುತ್ತವೋ ಅಲ್ಲೇ ಹಟ್ಟಿ ಹಾಕುವುದು ಕಾಕಾನ ಪದ್ಧತಿಯಂತೆ. ನೆಳಲು, ಗಾಳಿ, ನೆಲದ ತಂಪು ಕುರಿಗೆ ತಿಳಿದಷ್ಟು ಮನುಷ್ಯನಿಗೆ ತಿಳಿಯದು ಎಂಬುದು ಅವರ ನಂಬಿಕೆ. ಮಾಳಿಂಗರಾಯನ ಮಂದೆ ಆಗ ಇಂಡಿಯ ಹೊರಗಿನ ಹೊಲವೊಂದರಲ್ಲೇ ಇತ್ತು. ಕುರಿಗಳನ್ನು ಕರೆಸಿ ಸೈಟಿನಲ್ಲಿ ಬಿಡೋಣ, ಅವು ಮಲಗಿದಲ್ಲಿ ಹೊರಸು ಹಾಕೋಣ ಎಂದು ಕಾಕು ಹೇಳಿದ್ದೇ ತಡ, ಕಾಕಾನ ಮುಖ ಅರಳಿತು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ನಾನು ಓದಿ ಹಾಕಿದ ನಕ್ಷೆಯನ್ನು ಇನ್ನು ಕುರಿಗಳು ಪಾಸು ಮಾಡಬೇಕು!

ಕುರಿಗಳು ಬರುವ ಹಿಂದಿನ ಸಂಜೆ, ಅಳತೆಯ ಟೇಪು ಮರೆತು ಬಂದಿದ್ದೆನೆಂದು ಆ ಕಡೆ ಹೋದೆ. ಲಿಂಬೆ ನೆನೆಹಾಕಿದ ಉಪ್ಪುನೀರನ್ನು ಕಾಕು ಸೈಟಿನ ಮುಂಭಾಗಕ್ಕೆ ಕೊಡಗಟ್ಟಲೆ ಚೆಲ್ಲುತ್ತಿದ್ದರು.

"ಏನ ಮಾಡಾಕತ್ತೀರಿ ಕಾಕು?"

"ಧೂಳ ಏಳತೈತ್ರಿ, ನೀರ ಹೊಡ್ಯಾಕತ್ತೇನಿ."

ಇನ್ನೊಂದು ಕೈಯಲ್ಲಿ ಕಲ್ಲುಪ್ಪಿನ ಪುಟ್ಟಿ ಇತ್ತು. ಧೂಳಿಗೆ ಉಪ್ಪು ಎರಚುವ ಪದ್ಧತಿಯನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಅವರು ನನ್ನ ಕಣ್ಣು ತಪ್ಪಿಸಿದರು. ನಾನು ಟೇಪು ತೆಗೆದುಕೊಂಡು ಬಾಯಿ ಮುಚ್ಚಿಕೊಂಡು ಬಂದೆ.

ಮರುದಿನ ಮಧ್ಯಾಹ್ನ ಕುರಿಗಳು ಬಂದವು. ಶೆಡ್ಡಿನ ಹಿಂದಿನ ನೆಳಲಿನ ಕಡೆ ತಿರುಗಿಯೂ ನೋಡದೆ ಸೀದಾ ಮುಂಭಾಗದ ಬಿಸಿಲಿಗೆ ನುಗ್ಗಿ, ಮೂತಿ ನೆಲಕ್ಕೆ ಹಚ್ಚಿ ನಿಂತವು. ಎಳೆದರೂ ಬಿಡಲೊಲ್ಲವು. ಕೊನೆಗೆ ಒಂದೆರಡು ಅಲ್ಲೇ ಮಂಡಿಯೂರಿ ಮಲಗಿದವು ಕೂಡ.

ಮಾಳಿಂಗರಾಯ ಹುಬ್ಬು ಗಂಟಿಕ್ಕಿದ. "ಅಣ್ಣಾ, ಇವು ನೆಲಾ ನೆಕ್ಕಾ..."

"ನೀ ಸುಮ್ನಿರೋ," ಎಂದು ಕಾಕಾ ಗದರಿದರು. ಹೊರಸಿನ ಮೇಲಿಂದ ಕುರಿಗಳನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ನನಗೆ ಹೇಳಿದರು, "ಕುರಿ ಹೇಳಿದ ಮ್ಯಾಲ ನಂದೇನೈತಿ ತಂಗಿ. ಮುಂದ ಹಾಕ ನನ್ನ ಹೊರಸು."

ಕಾಕುವಿನ ಕಣ್ಣು ತುಂಬಿತ್ತು. ನನ್ನ ತಲೆನೋವು ಅಲ್ಲಿಂದ ಶುರುವಾಯಿತು. ಕುರಿಗಳು ಜಾಗ ತೋರಿಸಿ ಹೋದವು, ಆ ಕುಲುಮೆಯನ್ನು ತಂಪು ಮಾಡುವವಳು ನಾನು ತಾನೇ? ಹಳೆಯ ನಕ್ಷೆ ಹರಿದು ಹಾಕಿದೆ. ಅಂಗಡಿಯ ಶಟರನ್ನು ಒಳಕ್ಕೆ ಸರಿಸಿ, ಮುಂದೆ ಕಾಕಾನ ಹೊರಸಿಗೆಂದು ಅಗಲವಾದ ಪಡಸಾಲೆ ಬಿಟ್ಟೆ. ಇಳಿಬಿಸಿಲು ಬಡಿಯುವ ಕಡೆ ಕಲ್ಲಿನ ಜಾಲಿ ಕೂರಿಸಿದೆ, ರಸ್ತೆ ಕಾಣಬೇಕು, ಬಿಸಿಲು ಒಳಗೆ ಬರಬಾರದು. ಪಡಸಾಲೆಯಿಂದ ಬಂದ ಗಾಳಿ ಅಂಗಡಿ ದಾಟಿ ಹಿಂದಿನ ಬೆಳಕಿಂಡಿಯಲ್ಲಿ ಹೊರಬೀಳುವಂತೆ ಬಾಗಿಲುಗಳನ್ನು ಒಂದೇ ಸಾಲಿಗೆ ತಂದೆ. ಮೇಲಿನ ಛಾವಣಿಗೆ ಸುಣ್ಣ. ಅಲ್ಲಿ ಉಪ್ಪಿನಕಾಯಿ ಭರಣಿಗಳಿಗೆ ಬೇಕಾದಷ್ಟು ಬಿಸಿಲು. ಹಿಂದಿನ ತಂಪು ಕೋಣೆ ಲಿಂಬೆ ಇಡುವ ಉಗ್ರಾಣವಾಯಿತು. ಇಷ್ಟಾದರೂ ಮಧ್ಯಾಹ್ನದ ಝಳ ಪೂರ್ತಿ ನಿಲ್ಲಲಿಲ್ಲ. ಅದಕ್ಕೆ ಕಾಕು ತಮ್ಮದೇ ಉಪಾಯ ಕಂಡುಕೊಂಡರು. ಗಂಡನ ಹಳೆಯ ಕಂಬಳಿಯನ್ನು ನೀರಲ್ಲಿ ಅದ್ದಿ ಜಾಲಿಗೆ ಇಳಿಬಿಟ್ಟರು. ಒದ್ದೆ ಉಣ್ಣೆಯ ವಾಸನೆಗೆ ಕಾಕಾ ಹಟ್ಟಿಯಲ್ಲಿದ್ದಂತೆ ನಿದ್ದೆ ಹೋಗುತ್ತಿದ್ದರು.

ಮನೆಯಾದ ಮೊದಲ ಬೇಸಿಗೆಯಲ್ಲಿ ಒಂದು ದಿನ ನೋಡಿಕೊಂಡು ಬರಲು ಹೋದೆ. ಕಾಕಾ ದಿಂಬಿಗೆ ಒರಗಿ ಕೂತು ಗಿರಾಕಿಯೊಬ್ಬನಿಗೆ ಉಪ್ಪಿನಕಾಯಿ ಕೊಟ್ಟು, ಅವನ ಊರು, ಮಳೆ, ಬೆಳೆ ಎಲ್ಲ ವಿಚಾರಿಸಿ ಕಳಿಸಿದರು. ಅವರ ಕೆನ್ನೆ ತುಂಬಿಕೊಂಡಿತ್ತು. ಕಾಕು ಒಳಗಿದ್ದರು.

"ಕಾಕಾ, ಕುರಿ ಚಲೋ ಜಾಗಾನ ತೋರ್ಸಿದ್ವು ನೋಡ್ರಿ," ಎಂದೆ.

ಅವರು ಒಳಗಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಏ ಹುಚ್ಚಿ. ಜೀವನಾ ಎಲ್ಲಾ ಕುರಿ ಕಾದೀನಿ. ತಂಪಿಗೆ ಮಲಗೂ ಕುರಿ ಯಾವುದು, ಉಪ್ಪು ನೆಕ್ಕೂ ಕುರಿ ಯಾವುದು, ನನಗ ತಿಳಿಯಾಂಗಿಲ್ಲೇನು?"

"ಮತ್ತ ಯಾಕ ಸುಮ್ಮನಿದ್ರಿ?"

ಕಾಕಾ ಟಾವೆಲ್ಲಿನಿಂದ ಮುಖ ಒರೆಸಿಕೊಂಡರು. "ಸೊಂಟ ಹೋದ ಮ್ಯಾಲ ಈಕಿಗೆ ಬರೇ ಭಾರ ಆಗೀನಿ ಅಂತ ತಿಳಿದಿದ್ದೆ. ಹಿಂದ ಒಂದ ಮೂಲಿಯೊಳಗ ಬಿದ್ದಿದ್ರ ಆಕಿಗೆ ಹಗೂರ ಅಂತ. ಅವತ್ತ ನೆಲದ ಮ್ಯಾಲ ಅಷ್ಟ ಉಪ್ಪು ನೋಡಿದೆ. ನಾ ಕಣ್ಣಮುಂದ ಬೇಕಾಗೀನಿ ಆಕಿಗೆ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ ತಂಗಿ."

ಅಷ್ಟರಲ್ಲಿ ಕಾಕು ಹೊಸ ಉಪ್ಪಿನಕಾಯಿಯ ಹೋಳೊಂದನ್ನು ಚಮಚೆಯಲ್ಲಿ ಹಿಡಿದು ಬಂದರು. ಈಗ ಕಾಕಾ ರುಚಿ ನೋಡದೆ ಯಾವ ಭರಣಿಯೂ ಅಂಗಡಿಗೆ ಬರುವುದಿಲ್ಲ.

"ಉಪ್ಪು ಸಾಕಾಗೇತೇನು ನೋಡ್ರಿ."

ಕಾಕಾ ಹೋಳನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ಬರೋಬ್ಬರಿ ಐತಿ," ಎಂದರು. "ನೀ ಹಾಕಿದ ಉಪ್ಪು ಯಾವತ್ತೂ ದಂಡ ಆಗಿಲ್ಲ."