ಗುಳಿಗೆಗೂ ಸೋಮವಾರದ ರಜೆ

ಇವತ್ತು ಬೆಳಿಗ್ಗೆ ಶಿಗ್ಗಾಂವಿಯ ಔಷಧದ ಅಂಗಡಿಯವನು ನನ್ನ ಗುಳಿಗೆಗಳನ್ನು ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಕರಿ ಚೀಲಕ್ಕೆ ಹಾಕಿ, ಗಂಟು ಬಿಗಿದು, ನನ್ನ ಮುಖ ನೋಡದೆ ಕೊಟ್ಟ. ನನಗಿಂತ ಮುಂಚೆ ನಿಂತಿದ್ದವರಿಗೆ ಭೇದಿಯ ಔಷಧವನ್ನು ಅಂಗಡಿಗೆಲ್ಲ ಕೇಳುವಂತೆ ಕೂಗಿ ಕೊಟ್ಟಿದ್ದ. ನನ್ನದು ಮಾತ್ರ ಖಿನ್ನತೆಯ ಗುಳಿಗೆ. ಹುಬ್ಬಳ್ಳಿಯ ಡಾಕ್ಟರರು ಶನಿವಾರ ಬರೆದುಕೊಟ್ಟದ್ದು. ಪಾಪ, ನನ್ನ ಮಾನ ಕಾಪಾಡಿದನಂತೆ.

ದುಂಡಸಿಯ ಮನೆಗೆ ಬಂದು ಗಂಟು ಬಿಚ್ಚುವಾಗ ಹಾಳೆ ಚರಚರ ಎಂದಿತು. ಆ ಸಪ್ಪಳ ನನ್ನನ್ನು ಹನ್ನೆರಡು ವರ್ಷ ಹಿಂದಕ್ಕೆ ಒಯ್ದಿತು. ಆಗ ಇಂಥದೇ ಪೊಟ್ಟಣ ಬರುತ್ತಿದ್ದುದು ಗಿರಿಜಕ್ಕನಿಗೆ. ಗಿರಿಜಕ್ಕ ನನ್ನ ನೆಗೆಣ್ಣಿ, ಭಾವನವರ ಹೆಂಡತಿ. ಅವಳು ರೊಟ್ಟಿ ಬಡಿದರೆ ತಾಳ ಬೀದಿಗೆ ಕೇಳುತ್ತಿತ್ತು. ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ತಾಳ ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು. ನಾದಿದ ಹಿಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಅದು ಒಣಗಿ ಬಿರಿಯುವವರೆಗೂ ಸುಮ್ಮನೆ ಕುಳಿತಿರುತ್ತಿದ್ದಳು. ಮನೆಯವರಿಗೆ ಕಂಡದ್ದು ರೊಟ್ಟಿ ತಡವಾದದ್ದು, ಅಷ್ಟೇ.

ಕಡೆಗೊಮ್ಮೆ ಅತ್ತೆಯವರೂ ನಾನೂ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. “ಏನ್ ಕಡಿಮಿ ಆಗೇತ್ರಿ ಈಕಿಗೆ? ಉಣ್ಣಾಕೈತಿ, ಉಡಾಕೈತಿ” ಎಂದರು ಅತ್ತೆ. ಡಾಕ್ಟರರು ಚೀಟಿಯ ಬೆನ್ನಿಗೆ ಎರಡು ನರದ ತುದಿ ಬರೆದು, ನಡುವೆ ಚುಕ್ಕೆ ಇಟ್ಟರು. ಚುಕ್ಕೆ ಎಂದರೆ ಸೆರೊಟೋನಿನ್. ಒಂದು ನರ ಅದನ್ನು ಬಿಡುತ್ತದೆ, ಇನ್ನೊಂದರ ಮೇಲಿನ ಗ್ರಾಹಕಗಳು ಹಿಡಿದುಕೊಳ್ಳುತ್ತವೆ. ಬಿಟ್ಟ ನರವೇ ಅದನ್ನು ಬೇಗ ವಾಪಸು ಎಳೆದುಕೊಳ್ಳದಂತೆ ಗುಳಿಗೆ ತಡೆಯುತ್ತದೆ.

“ಸೆರೊಟೋನಿನ್ ಕಡಿಮಿ ಆಗೇತಿ, ಅದಕ್ಕ ಹಿಂಗಾತು ಅಂತ ಹೇಳಿ ಕಳಸಬಹುದ್ರಿ ಅಮ್ಮಾರ. ಆದ್ರ ಅಷ್ಟು ಸರಳ ಇಲ್ಲ. ನಮಗೂ ಪೂರ್ತಿ ತಿಳಿದಿಲ್ಲ” ಎಂದರು. ತಿಳಿದಿಲ್ಲ ಎಂದು ಒಪ್ಪಿಕೊಂಡ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಹೊರಗೆ ಬಂದವರೇ, “ತನಗ ತಿಳಿದಿಲ್ಲಂದ್ರ ಮತ್ತ ಗುಳಿಗಿ ಯಾಕ ಬರದಾ?” ಎಂದರು.

ಇನ್ನೂ ಒಂದು ಮಾತು ಹೇಳಿದ್ದರು. ಚುಕ್ಕೆ ಬಿಡುವ ನರದ ಮೈಮೇಲೆಯೇ ಕೆಲವು ಗ್ರಾಹಕಗಳಿರುತ್ತವಂತೆ. ಚುಕ್ಕೆ ಹೆಚ್ಚಾಯಿತೆಂದು ಗೊತ್ತಾದ ಕೂಡಲೇ ಅವು ‘ಸಾಕು, ನಿಲ್ಲಿಸು’ ಎನ್ನುತ್ತವಂತೆ. ದಿನವೂ ಗುಳಿಗೆ ತಪ್ಪದಿದ್ದರೆ ಕೆಲವು ವಾರಗಳಲ್ಲಿ ಅವುಗಳ ದನಿ ಕುಗ್ಗುತ್ತದೆ. ಗುಣ ತಡವಾಗಿ ಕಾಣುವುದಕ್ಕೆ ಅದೂ ಒಂದು ಕಾರಣವಿರಬಹುದು, ಅದಕ್ಕೇ ನಡುವೆ ಬಿಡಬೇಡಿ ಎಂದರು. ಇದು ಅರ್ಥವಾಗಲು ನನಗೆ ಚಿತ್ರ ಬೇಕಿರಲಿಲ್ಲ. ನಮ್ಮ ಮನೆ ತುಂಬ ಅಂಥ ಗ್ರಾಹಕಗಳೇ ಇದ್ದವು. ಸೊಸೆಯಂದಿರು ಅಡಿಗೆಮನೆಯಲ್ಲಿ ಸ್ವಲ್ಪ ಜೋರಾಗಿ ನಕ್ಕರೆ ಪಡಸಾಲೆಯಿಂದ ‘ಸಾಕು’ ಬರುತ್ತಿತ್ತು.

ಮೊದಲ ಸೋಮವಾರ ಬಂತು. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅತ್ತೆ ಗುಳಿಗೆಯ ಪೊಟ್ಟಣ ಎತ್ತಿಟ್ಟರು.

“ಎತ್ತಿಗೂ ಒಂದಿನ ರಜಾ ಕೊಡ್ತೇವಿ. ದಿನಾ ಗುಳಿಗಿ ನುಂಗಿದ್ರ ಹೊಟ್ಟಿ ದಣಿಯೂದಿಲ್ಲೇನ? ಇವತ್ತ ಬ್ಯಾಡ.”

ಹಂಸಭಾವಿಯಿಂದ ಬಂದಿದ್ದ ನಮ್ಮ ಮಾವನವರ ತಂಗಿ ತನ್ನದೂ ಒಂದು ಸೇರಿಸಿದಳು: “ಅವು ತಲಿಕೆಟ್ಟವರ ಗುಳಿಗಿ. ನಮ್ಮ ಕಾಲದಾಗ ಹಿಂಗ ಕುಂತ್ರ ನಾಕು ಕೊಡ ನೀರು ಹೊರಸ್ತಿದ್ರು. ಎದ್ದು ಕುಣೀತಿದ್ರು!” ಹೀಗೆಂದ ಮಹಾತಾಯಿ ತನ್ನ ಮಂಡಿನೋವಿಗೆ ದಿನಕ್ಕೆ ಎರಡು ಗುಳಿಗೆ ನುಂಗುತ್ತಿದ್ದಳು, ಸೋಮವಾರವೂ.

ಮಂಗಳವಾರ ಗಿರಿಜಕ್ಕ ಗೋಡೆ ಹಿಡಿದು ನಡೆದಳು. “ತಲಿಯಾಗ ಕರೆಂಟ್ ಹೊಡದಂಗ ಆಗಾಕತ್ತೇತಿ ತಂಗಿ” ಎಂದಳು. ಗುಳಿಗೆ ಉಷ್ಣವಾಯಿತು ಎಂದು ಪಡಸಾಲೆ ತೀರ್ಪು ಕೊಟ್ಟಿತು. ಮರುವಾರ ಹಾಗಾದದ್ದೂ ಮಂಗಳವಾರವೇ, ಅದರಾಚೆಯ ವಾರವೂ ಮಂಗಳವಾರವೇ. ಬಸಿಯ ಅಂಚಿನ ಚಹಾದ ಕಲೆಯೂ ನನ್ನ ಕಣ್ಣು ತಪ್ಪಿಸುವುದಿಲ್ಲ; ಇದು ತಪ್ಪಿಸೀತೇ? ಗುಳಿಗೆಯ ಜೊತೆಗಿದ್ದ ಇಂಗ್ಲಿಷ್ ಚೀಟಿಯನ್ನೂ ಓದಿದ್ದೆ. ಒಂದು ದಿನ ತಪ್ಪಿದರೂ ತಲೆ ಸುತ್ತಬಹುದು, ಕರೆಂಟ್ ಹೊಡೆದಂತಾಗಬಹುದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಓದಿ ನಾನು ಮಾಡಿದ್ದೇನು, ಕೇಳಿ. ಹಿರಿಯರಿಗೆ ಎದುರಾಡಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರಲ್ಲ! ಚೀಟಿಯನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ ಡಬ್ಬಿಯಲ್ಲಿಟ್ಟೆ. ಮಡಿಕೆ ಬಹಳ ಚೆನ್ನಾಗಿ ಬಂದಿತ್ತು.

ನಾಲ್ಕನೆಯ ಮಂಗಳವಾರ ಗಿರಿಜಕ್ಕ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಳು. ಗುಳಿಗೆ ಪೂರ್ತಿ ಬಂದ್ ಆಯಿತು. “ಸುಧಾರಿಸಿದ ಮ್ಯಾಲ ಬರಲಿ” ಎಂದು ಅವಳನ್ನು ತವರಿಗೆ, ಚಿಕ್ಕೇರೂರಿಗೆ ಕಳಿಸಿದರು. ಅವಳ ಅವ್ವನಿಗೆ ಅಕ್ಷರ ಬಾರದು. ಆದರೂ ಮಗಳನ್ನು ಮತ್ತೆ ಅದೇ ಡಾಕ್ಟರರ ಹತ್ತಿರ ಕರೆದೊಯ್ದು, ಅವರು ಹೇಳಿದ್ದನ್ನು ಕೇಳಿಸಿಕೊಂಡು ಬಂದಳು. ಇಂಗ್ಲಿಷ್ ಓದಬಲ್ಲ ನನ್ನ ಕೈಲಾಗದ್ದು ಅದೊಂದೇ. ದಿನವೂ ಆ ಅವ್ವ ತಾನೇ ಎದುರು ನಿಂತು ಮಗಳಿಗೆ ಗುಳಿಗೆ ನುಂಗಿಸಿದಳು.

ಪಂಚಮಿ ಹಬ್ಬ ಕಳೆದ ಮೇಲೆ ಗಿರಿಜಕ್ಕ ಬಂದಳು. ಮರುದಿನ ಬೆಳಿಗ್ಗೆ ರೊಟ್ಟಿಯ ತಾಳ ಕೇಳಿತು. “ತವರಮನಿ ನೀರು ಹತ್ತಿತು ನೋಡು” ಎಂದರು ಅತ್ತೆ. ಹಂಸಭಾವಿಯವಳು ಬಿಡುತ್ತಾಳೆಯೇ? “ನಾ ಹೇಳಿದ್ದಿಲ್ಲೇನ? ಅಲ್ಲಿ ನೀರು ಹೊತ್ತಾಳ!” ಗಿರಿಜಕ್ಕ ರೊಟ್ಟಿ ತಿರುವಿ ಹಾಕಿದಳು.

ಇಷ್ಟೆಲ್ಲ ನೆನೆದು ಇವತ್ತು ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಪಡಸಾಲೆಯಿಂದ ಅತ್ತೆ, “ಸೋಮವಾರ ಐತಿ. ಹೊಸಾ ಗುಳಿಗಿ ಇವತ್ತ ಸುರು ಮಾಡಬ್ಯಾಡ” ಎಂದರು. ನನ್ನ ಕೈ ತಾನಾಗಿ ಹಾಳೆಯನ್ನು ಮತ್ತೆ ಸುತ್ತತೊಡಗಿತು, ಅಂಚಿಗೆ ಅಂಚು ಕೂಡಿಸಿ.

ಗಿರಿಜಕ್ಕ ಒಲೆಯ ಮುಂದಿನಿಂದ ಎದ್ದು ಬಂದು ಹಾಳೆ ಕಿತ್ತುಕೊಂಡಳು. ನೀರಿನ ತಂಬಿಗೆ ಮುಂದೆ ಹಿಡಿದಳು. ಅದರ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಮೂಡಿದ್ದವು.

“ಅತ್ತೀ, ಎತ್ತು ಮಾರಿ ಎಂಟು ವರ್ಷಾತು. ಟ್ರ್ಯಾಕ್ಟರ್ ಸೋಮವಾರನೂ ಹೊಲಕ್ಕ ಹೋಗ್ತೈತಿ. ರಜಾ ಈ ಗುಳಿಗಿಗಷ್ಟ ಉಳದೈತೇನ್ರಿ?” ಎಂದು ಕೂಗಿ, ನನ್ನ ಕಡೆ ತಿರುಗಿದಳು. “ನುಂಗು. ಬಾಯಿ ತಗದು ತೋರಸು. ನಮ್ಮವ್ವ ಹಂಗ ನೋಡ್ತಿದ್ಲು.”

ನುಂಗಿದೆ. ಬಾಯಿ ತೆರೆದು ತೋರಿಸಿದೆ. ಗಿರಿಜಕ್ಕ ದೊಡ್ಡದಾಗಿ ನಕ್ಕಳು. ಪಡಸಾಲೆಯಿಂದ ‘ಸಾಕು’ ಬಂತು, ದನಿ ಕುಗ್ಗಿತ್ತು. ನನಗಿನ್ನೂ ನಗು ಬರಲಿಲ್ಲ. ಕೆಲವು ವಾರ ಬೇಕು. ಕಾಯುತ್ತೇನೆ, ಸೋಮವಾರಗಳನ್ನೂ ಸೇರಿಸಿ.